ವಾಟೆಹುಳಿ ವಾಸನೆಯ ನೋಟು

ನಮ್ಮ ಹೋಟೆಲಿನ ಗಲ್ಲಾದ ಮೇಲೆ ಒಂದು ಡಬ್ಬಿ ಕೂತಿದೆ. ತಿಂಡಿ ತಿಂದವರು ಮೊಬೈಲಿನಲ್ಲಿ ದುಡ್ಡು ಹಾಕಿದ ಕೂಡಲೇ ಎಷ್ಟು ಬಂತೆಂದು ಅರ್ಧ ಆಲ್ದೂರಿಗೆ ಕೇಳುವ ಹಾಗೆ ಕೂಗುತ್ತದೆ. ನಾನು ಒಳಗೆ ದೋಸೆ ಹುಯ್ಯುತ್ತಾ ಒಂದು ಕಿವಿ ಅತ್ತಲೇ ಇಟ್ಟಿರುತ್ತೇನೆ. ದಿನವಿಡೀ ಅದು ಬಾಯಿ ಮುಚ್ಚಿರುವುದಿಲ್ಲ. ಆದರೆ ಸಂಜೆಯಾದರೆ ಇವರು, ಅಂದರೆ ನನ್ನ ಗಂಡ, "ಇವತ್ತು ಎಂತದೂ ಇಲ್ಲ ಮಾರಾಯ್ತಿ" ಅನ್ನುತ್ತಾರೆ. ಆಗ ನನಗೆ ಮೈಯೆಲ್ಲ ಉರಿಯುತ್ತದೆ.

ಕೊರೊನಾ ಬರುವ ಮೊದಲು ಆ ಜಾಗದಲ್ಲಿ ಮಾತಾಡದ ಮರದ ಗಲ್ಲಾ ಒಂದೇ ಇತ್ತು. ಎಸ್ಟೇಟುಗಳಲ್ಲಿ ಬಟವಾಡೆಯಾಗಿ ಕೂಲಿ ಕೈಗೆ ಬಂದ ಜನ ಸಂತೆಗೆ ಬಂದರೆ ನಮ್ಮಲ್ಲಿ ಬೆಂಚು ಖಾಲಿ ಇರುತ್ತಿರಲಿಲ್ಲ. ಮಧ್ಯಾಹ್ನ ಇವರು ಊಟಕ್ಕೆ ಒಳಗೆ ಬಂದಷ್ಟು ಹೊತ್ತು ಗಲ್ಲಾದಲ್ಲಿ ನಾನು ಕೂರುತ್ತಿದ್ದೆ. ಏಳುವಾಗ ಒಂದೆರಡು ನೋಟು ನನ್ನ ಸೆರಗಿನ ಜೊತೆ ಏಳುತ್ತಿದ್ದವು. ಇದನ್ನು ಕಳ್ಳತನ ಅಂದವರಿಗೆ ಸೌಟು ತೋರಿಸುತ್ತೇನೆ. ಬೆಳಗಾಗುವ ಮುಂಚೆ ಎದ್ದು ಕಡುಬು ಬೇಯಿಸುವ ಅಡುಗೆಯವನನ್ನು ಇಟ್ಟಿದ್ದರೆ ಸಂಬಳ ಕೊಡಬೇಕಿತ್ತಲ್ಲ? ನನ್ನ ಬಟವಾಡೆಯನ್ನು ನಾನೇ ಮಾಡಿಕೊಳ್ಳುತ್ತಿದ್ದೆ, ಅಷ್ಟೆ.

ಆ ನೋಟುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಿಗಿಯಾಗಿ ಗಂಟು ಹೊಡೆದು, ವಾಟೆಹುಳಿ ಭರಣಿಯ ತಳಕ್ಕೆ ಸೇರಿಸುತ್ತಿದ್ದೆ. ಸಾರಿನ ಹುಳಿಗೆಂದು ಒಣಗಿಸಿಟ್ಟ ವಾಟೆಕಾಯಿ ಹೋಳುಗಳಿಗೆ ನನ್ನ ಹೊರತು ಯಾರೂ ಕೈ ಹಾಕುವುದಿಲ್ಲ. ತವರಿಗೆ ಹೋಗುವಾಗ, ತಂಗಿಯ ಮಗುವಿಗೆ ಒಂದು ಫ್ರಾಕು ತೆಗೆಯುವಾಗ, ಇವರ ಮುಂದೆ ನಿಂತು ಯಾಕೆ ಎಷ್ಟು ಎಂದು ವರದಿ ಒಪ್ಪಿಸಬೇಕಿರಲಿಲ್ಲ. ನನಗೆ ಬೇಕಿದ್ದದ್ದು ಆ ನೆಮ್ಮದಿ.

ಆಮೇಲೆ ಎಲ್ಲ ಬಂದ್ ಆಯಿತು. ಬಸ್ಸಿಲ್ಲ, ಸಂತೆಯಿಲ್ಲ, ಹೋಟೆಲಿಗೆ ಬೀಗ. ಇವರು ಜಗಲಿಯಲ್ಲಿ ಕೂತು ಖಾಲಿ ರಸ್ತೆ ನೋಡುತ್ತಿದ್ದರು. ಒಂದು ಬೆಳಿಗ್ಗೆ ಅಕ್ಕಿ ಡ್ರಮ್ಮಿನಲ್ಲಿ ಪಾವು ತಳಕ್ಕೆ ತಾಗಿ ಸದ್ದಾಯಿತು. ಆ ಸದ್ದು ಜಗಲಿಯವರೆಗೂ ಕೇಳಿಸಿರಬೇಕು, ಇವರು ತಲೆ ತಗ್ಗಿಸಿದರು. ಭರಣಿ ಇಳಿಸಿ, ಗಂಟು ಬಿಚ್ಚಿ, ನೋಟುಗಳನ್ನು ತಂದು ಇವರ ಕೈಗಿಟ್ಟೆ.

ಇವರು ನೋಟನ್ನು ಮೂಗಿನ ಹತ್ತಿರ ಹಿಡಿದರು. ಹುಳಿ ವಾಸನೆ ಹೊಡೆದಿರಬೇಕು. ನನ್ನ ಮುಖ ನೋಡಿದರು. ಈಗ ಕೇಳುತ್ತಾರೆ ಎಂದು ನಾನು ಉತ್ತರ ಸಿದ್ಧ ಮಾಡಿಕೊಂಡೆ.

"ಅಕ್ಕಿ ಯಾವುದು ತರ್ಲಿ? ಕುಚ್ಚಲಕ್ಕಿಯಾ?" ಎಂದರು.

ಹೋಟೆಲಿಗೆ ಬೀಗ ಬಿದ್ದಿದ್ದಷ್ಟು ಕಾಲ ಅಕ್ಕಿ, ಗ್ಯಾಸು, ಅತ್ತೆಯ ಬಿಪಿ ಮಾತ್ರೆ ಎಲ್ಲ ಆ ಭರಣಿಯಿಂದಲೇ ನಡೆಯಿತು. ಈ ದುಡ್ಡು ಎಲ್ಲಿಯದೆಂದು ಇವರು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಕೇಳದ ಮನುಷ್ಯನ ತಲೆಯಲ್ಲಿ ಏನು ಓಡುತ್ತಿದೆ ಎಂದು ಹೇಗೆ ತಿಳಿಯುವುದು?

ಹೋಟೆಲು ಮತ್ತೆ ತೆರೆದ ದಿನ ನನಗೆ ತಿಳಿಯಿತು. ಗೋಡೆಗೆ ಸ್ಕ್ಯಾನ್ ಮಾಡುವ ಬೋರ್ಡು ಬಂದಿತ್ತು, ಗಲ್ಲಾದ ಮೇಲೆ ಆ ಡಬ್ಬಿ. ನೋಟು ಮುಟ್ಟಿದರೆ ರೋಗ ಹರಡುತ್ತದಂತೆ. ಸರಿ, ಒಪ್ಪಿದೆ. ಆಮೇಲೆ ರೋಗ ಹೋಯಿತು, ಮಾಸ್ಕುಗಳು ಮಸಿಬಟ್ಟೆಯಾದವು, ಬೋರ್ಡು ಮಾತ್ರ ಹೋಗಲಿಲ್ಲ. ಈಗಲೂ ಯಾರಾದರೂ ನೋಟು ಚಾಚಿದರೆ ಇವರು "ಚಿಲ್ರೆ ಇಲ್ಲ, ಸ್ಕ್ಯಾನ್ ಮಾಡಿ" ಅನ್ನುತ್ತಾರೆ. ಗಲ್ಲಾ ಎಳೆದರೆ ಬೆಂಕಿಪೊಟ್ಟಣ, ಊದುಬತ್ತಿ. ನನ್ನ ಗುಟ್ಟು ಮನೆಯವರ ಹೊಟ್ಟೆ ತುಂಬಿಸಿತು, ಆ ಗುಟ್ಟು ತಿಳಿದ ಮೇಲೆ ಇವರು ಅದರ ಬಾಯಿ ಹೊಲಿದರು. ರೋಗದ ನೆಪದಲ್ಲಿ ಇವರು ಗಲ್ಲಾಕ್ಕೆ ಬೀಗ ಹಾಕಿದ್ದು ನನಗೇ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಒಮ್ಮೆ ಕೇಳಿಯೇ ಬಿಟ್ಟೆ. "ಡಬ್ಬಿ ಅಷ್ಟು ಕೂಗ್ತದಲ್ಲ, ದುಡ್ಡು ಎಲ್ಲಿ ಹೋಗ್ತದೆ?"

"ಹೋಟೆಲ್ ತೆರೆಯೋಕೆ ಸಾಲ ತಗೊಂಡಿಲ್ವಾ? ಕಂತು ಅದರಷ್ಟಕ್ಕೇ ಕಟ್ ಆಗ್ತದೆ" ಎಂದು ಮೊಬೈಲು ನನ್ನ ಮುಖದ ಮುಂದೆ ಹಿಡಿದು ತಕ್ಷಣ ತೆಗೆದರು. ಡಬ್ಬಿ ಬಂದದ್ದನ್ನು ಮಾತ್ರ ಕೂಗುತ್ತದೆ, ಹೋದದ್ದನ್ನು ಕೂಗುವುದಿಲ್ಲ. ಅರ್ಧ ನಂಬಿದೆ.

ನಾನೂ ಸುಮ್ಮನಿರುವವಳಲ್ಲ. ಕಾಫಿ ಕುಯ್ಲಿನ ಕಾಲದಲ್ಲಿ ಮಲ್ಲಂದೂರಿನ ಕಡೆಗೆ ಆಳುಗಳ ಜೀಪು ಹೋಗುತ್ತದೆ. ಅದರ ಮೇಸ್ತ್ರಿಗೆ ಹಿತ್ತಲ ಬಾಗಿಲಲ್ಲಿ ಅಕ್ಕಿರೊಟ್ಟಿ ಪಾರ್ಸೆಲ್ ಕೊಡಲು ಶುರು ಮಾಡಿದೆ. ಅವನು ದಿನಾ "ಸ್ಕ್ಯಾನ್ ಮಾಡ್ಲಾ ಅಕ್ಕ?" ಎಂದು ಕೇಳುತ್ತಿದ್ದ. "ಬೇಡ ಮಾರಾಯ, ಕೈಗೆ ಕೊಡು" ಅನ್ನುತ್ತಿದ್ದೆ. ಬೋರ್ಡು ಇವರದಲ್ಲವೇ, ಸ್ಕ್ಯಾನ್ ಮಾಡಿದ್ದೆಲ್ಲ ಇವರ ಖಾತೆಗೇ ಹೋಗುತ್ತದೆ. ಇವರು ರೊಟ್ಟಿ ದುಡ್ಡಿನ ಬಗ್ಗೆ ಕೇಳಿದರೆ "ಹಿಟ್ಟಿಗೇ ಸರಿಹೋಯ್ತು" ಎನ್ನುತ್ತಿದ್ದೆ. ಭರಣಿಯ ತಳದಲ್ಲಿ ಕವರು ಮತ್ತೆ ದಪ್ಪವಾಗತೊಡಗಿತು.

ಒಂದು ದಿನ ಇವರು ಸಿಲಿಂಡರಿನವನಿಗೆ ಕೊಡಲು ನನ್ನ ಕೈಗೆ ನೋಟುಗಳನ್ನಿಟ್ಟು ಬಸ್ಸಿಗೆ ಓಡಿದರು. ನೋಟು ಹುಳಿ ವಾಸನೆ ಹೊಡೆಯುತ್ತಿತ್ತು. ಭರಣಿ ಇಳಿಸಿದೆ. ಕವರು ಇತ್ತು, ತೆಳ್ಳಗಾಗಿತ್ತು. ಅದಕ್ಕೆ ಹಾಕಿದ್ದ ಗಂಟು ನನ್ನದಲ್ಲ. ಎಳೆದರೆ ಬಿಚ್ಚಿಕೊಳ್ಳುವ ಹಾಗೆ ಕುಣಿಕೆ ಬಿಟ್ಟು ಗಂಟು ಹಾಕುವವರು ನಮ್ಮ ಮನೆಯಲ್ಲಿ ಒಬ್ಬರೇ. ಹೋಟೆಲಿನಲ್ಲಿ ದಿನಾ ಸಾಂಬಾರ್ ಪಾರ್ಸೆಲ್ ಕಟ್ಟುವ ಇವರು.

ಅಳು ಬಂತು, ಸಿಟ್ಟೂ ಬಂತು. ಆದರೆ ನಾನೂ ಕೇಳಲಿಲ್ಲ. ಅಂದು ಇವರು ಕೇಳಿದ್ದರೇ?

ಉಳಿದದ್ದನ್ನು ಬ್ಯಾಂಕಿಗೆ ತೆಗೆದುಕೊಂಡು ಹೋಗಿ ನನ್ನ ಹೆಸರಿನಲ್ಲಿ ಖಾತೆ ಮಾಡಿಸಿದೆ. ಕೆಲವು ದಿನಗಳಲ್ಲಿ ಹಿತ್ತಲ ಬಾಗಿಲಿಗೂ ಒಂದು ಬೋರ್ಡು ಬಂತು, ಕಿಟಕಿಯಲ್ಲಿ ಒಂದು ಡಬ್ಬಿ. ಮೊದಲ ದಿನ ಮೇಸ್ತ್ರಿ ಸ್ಕ್ಯಾನ್ ಮಾಡಿದ ಕೂಡಲೇ ಅದು ಕೂಗಿಕೊಂಡಿತು. ಇವರು ಗಲ್ಲಾ ಬಿಟ್ಟು ಒಳಗೆ ಬಂದರು.

"ಅದು ಯಾರ್ದು?"

"ನಂದು."

"ಎಷ್ಟು ಅಂತು?"

"ಇಡೀ ಬೀದಿಗೆ ಕೇಳಿಸ್ತು, ನಿಮಗೆ ಕೇಳಿಸ್ಲಿಲ್ವಾ?"

ಇವರು ಚಟ್ನಿ ಪಾತ್ರೆ ಎತ್ತಿಕೊಂಡು ಹೊರಗೆ ಹೋದರು.

ಖಾಲಿ ಕವರಿಗೆ ನನ್ನ ಗಂಟನ್ನೇ ಹೊಡೆದು ಭರಣಿಯ ತಳದಲ್ಲಿ ಹಾಗೇ ಬಿಟ್ಟಿದ್ದೆ. ಇವರು ಮತ್ತೆ ಕೈ ಹಾಕುತ್ತಾರೋ ನೋಡೋಣ ಎಂದು. ಮೊನ್ನೆ ಸಾರಿಗೆ ಹುಳಿ ತೆಗೆಯುವಾಗ ನೋಡಿದೆ. ಗಂಟು ಬದಲಾಗಿತ್ತು. ಬಿಚ್ಚಿದರೆ ಒಳಗೆ ಐನೂರರ ಒಂದು ನೋಟು. ಮೂಸಿ ನೋಡಿದೆ, ಹುಳಿ ವಾಸನೆ ಇರಲಿಲ್ಲ.

ತೆಗೆದದ್ದಕ್ಕೆ ಮರಳಿ ಇಟ್ಟದ್ದೋ, ಅಥವಾ ನಾನು ಇನ್ನೂ ಭರಣಿಗೆ ಕೈ ಹಾಕುತ್ತೇನೋ ಎಂಬ ಪರೀಕ್ಷೆಯೋ? ಇವರನ್ನು ಇಷ್ಟು ವರ್ಷ ನೋಡಿಯೂ ಹೇಳಲಾರೆ. ನೋಟು ಮುಟ್ಟದೆ, ಇವರ ಹಾಗೆಯೇ ಕುಣಿಕೆ ಬಿಟ್ಟು ಗಂಟು ಹಾಕಿ ಒಳಗಿಟ್ಟಿದ್ದೇನೆ. ಹುಳಿ ತೆಗೆಯುವಾಗಲೆಲ್ಲ ಕೈಗೆ ತಾಗುತ್ತದೆ. ಇಷ್ಟು ಹೊತ್ತಿಗೆ ಅದಕ್ಕೂ ವಾಸನೆ ಹಿಡಿದಿರಬೇಕು.