ಹಿತ್ತಲಿಗೊಂದು ಕಿವಿ

ಬೀದಿಯವರೆಲ್ಲ ಅವನನ್ನು ತಂತಿ ಮಾವ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಗೂಡಂಗಡಿಯಲ್ಲಿ ಕೂತು ಕೀಲಿಕೈ ಅರೆಯುವ ಕೆಲಸ. ಬೆಳಗಾಗುವ ಹೊತ್ತಿಗೆ ಮಾತ್ರ ಅವನು ಹ್ಯಾಮ್ ರೇಡಿಯೊದ, ಅಂದರೆ ಮನೆಯಿಂದಲೇ ದೂರದವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೊದ ಮನುಷ್ಯ. ಸಮುದ್ರದಾಚೆಯ ಒಬ್ಬ ನಿವೃತ್ತ ಹಡಗಿನ ರೇಡಿಯೊ ಆಪರೇಟರ್ ಜೊತೆ ಇಪ್ಪತ್ತೆರಡು ವರ್ಷದ ಸ್ನೇಹ. ಮುಖ ಕಂಡಿದ್ದಿಲ್ಲ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಇದ್ದದ್ದೆಲ್ಲ ಟಕಟಕ ಕುಟ್ಟಿ ಕಳಿಸುವ ಮೋರ್ಸ್ ಸಂಕೇತದ ತುಂಡು ಇಂಗ್ಲಿಷು, ಅದೂ ಸೂರ್ಯ ಹುಟ್ಟುವಾಗ ಕೆಳಗಿನ ಬ್ಯಾಂಡು ತೆರೆದುಕೊಂಡು ದೂರದ ರೇಡಿಯೊ ಅಲೆಗಳು ಬಂದು ಮುಟ್ಟುವ ಹತ್ತು ನಿಮಿಷ. ಮನೆಯಲ್ಲಿ ಎಲ್ಲರೂ ಆತನನ್ನು ಹಡಗಿನಣ್ಣ ಎನ್ನುತ್ತಿದ್ದರು.

ಎಂಟು ತಿಂಗಳಿಂದ ಹಡಗಿನಣ್ಣನ ಸದ್ದೇ ಇಲ್ಲ. ರೇಡಿಯೊ ಹಾಕಿದರೆ ಬರೀ ಗೊರಗೊರ. ಮಾವ ತಾರಸಿಯ ಮೇಲಿನ ಆಂಟೆನಾವನ್ನು ಇನ್ನೂ ಹತ್ತಡಿ ಎತ್ತರಿಸಿದ. ಗೊರಗೊರವೂ ಅಷ್ಟೇ ಎತ್ತರಕ್ಕೆ ಏರಿತು. ಆಗಲೇ ಆಚೆಯಿಂದ ಒಂದು ಕಾರ್ಡು ಬಂತು, ಹಡಗಿನಣ್ಣನ ಮಗಳು ಇಂಗ್ಲಿಷಿನಲ್ಲಿ ಬರೆದದ್ದು. ಅಪ್ಪನಿಗೆ ನಿಮ್ಮ ಕರೆ ಚೆನ್ನಾಗಿ ಕೇಳುತ್ತದೆ, ದಿನವೂ ಉತ್ತರಿಸುತ್ತಾರೆ, ನೀವು ಓಗೊಡುವುದಿಲ್ಲ. ತಿಂಗಳ ಕೊನೆಗೆ ಅವರನ್ನು ನನ್ನ ಫ್ಲ್ಯಾಟಿಗೆ ಕರೆದೊಯ್ಯುತ್ತೇನೆ, ಅಲ್ಲಿ ಆಂಟೆನಾ ಕಟ್ಟಲು ಬಿಡುವುದಿಲ್ಲ ಎಂದಿತ್ತು. ಮಾವ ಎದ್ದು ಕ್ಯಾಲೆಂಡರ್ ನೋಡಿದ. ಉಳಿದದ್ದು ಹನ್ನೊಂದು ದಿನ.

ಕೇಳುವುದಕ್ಕೇ ಬೇರೆ ಆಂಟೆನಾ ಬೇಕು ಎಂಬುದು ಅವನಿಗೆ ಗೊತ್ತಿರದ ಸಂಗತಿಯಲ್ಲ. ಪುಸ್ತಕ ಹೇಳುವ ಒಳ್ಳೆಯ ಆಂಟೆನಾಕ್ಕೆ ನೆಲದಿಂದ ಆಳೆತ್ತರದಲ್ಲಿ ಇನ್ನೂರು ಮೀಟರ್ ತಂತಿ ಎಳೆಯಬೇಕು. ಅವನ ಹಿತ್ತಲು ಮೂವತ್ತಡಿ. ಇನ್ನುಳಿದದ್ದು ಮರದ ಚೌಕಟ್ಟಿಗೆ ತಂತಿ ಸುತ್ತಿ ಮಾಡುವ ಮೂರಡಿಯ ಬಳೆ ಆಂಟೆನಾ. ಅದು ಹೆಚ್ಚೇನೂ ಕೇಳಿಸಿಕೊಳ್ಳದು, ಆದರೆ ತನ್ನ ಎರಡು ಮಗ್ಗುಲಿನಿಂದ ಬರುವ ಸದ್ದಿಗೆ ಚೆನ್ನಾಗಿ ಕಿವುಡು. ಆ ಕಿವುಡನ್ನು ಗದ್ದಲದ ಕಡೆ ತಿರುಗಿಸಿದರೆ ಆಯಿತು.

ಗದ್ದಲ ಯಾವ ಕಡೆಯದು? ಎದುರುಮನೆಯ ದರ್ಜಿಯ ಎಲ್‌ಇಡಿ ಬಲ್ಬೇ ರೇಡಿಯೊ ಕೆಡಿಸುತ್ತಿದೆ ಎಂದು ಮಾವ ಎಂಟು ತಿಂಗಳಿಂದ ಅವನ ಜೊತೆ ಮಾತು ಬಿಟ್ಟಿದ್ದ. ಈಗ ಕೈ ರೇಡಿಯೊ ಹಿಡಿದು ಮನೆ ಸುತ್ತಿದಾಗ ಗೊರಗೊರ ಜೋರಾದದ್ದು ಅವನದೇ ಮನೆಯ ಕಿಟಕಿಯ ಬಳಿ. ಒಳಗೆ ಎಂಟು ತಿಂಗಳಿಂದ ಹಾಸಿಗೆ ಹಿಡಿದ ತಾಯಿ. ಬೆನ್ನು ಹುಣ್ಣಾಗದಂತೆ ಗಾಳಿಹಾಸಿಗೆ ತಂದವನು ಅವನೇ, ಅದರ ಪಂಪಿಗೆ ಅಗ್ಗದ ಅಡಾಪ್ಟರ್ ಕೊಂಡವನೂ ಅವನೇ; ಗೊರಗೊರ ಆ ಅಡಾಪ್ಟರಿನದು. ದರ್ಜಿಯ ಮುಖ ನೋಡಲಾಗದೆ ಮಾವ ಎರಡು ದಿನ ಸುತ್ತುದಾರಿಯಲ್ಲಿ ಅಂಗಡಿಗೆ ಹೋದ. ಬೇರೆ ಅಡಾಪ್ಟರ್ ಹುಡುಕಿದರೆ ಆ ಪಂಪಿಗೆ ಹೊಂದುವುದು ಎಲ್ಲೂ ಸಿಗಲಿಲ್ಲ.

ತಾಯಿಗೆ ವಿಷಯ ತಿಳಿಯಿತು. "ಪಂಪನ್ನ ಹತ್ತು ನಿಮಿಷ ಆರಿಸೋ, ನಾನೇನು ಸಾಯಲ್ಲ," ಎಂದಳು. ಒಂದು ಬೆಳಿಗ್ಗೆ ಅವನು ಆರಿಸಿಯೇಬಿಟ್ಟ. ಬ್ಯಾಂಡು ಆ ದಿನ ತೆರೆಯಲೇ ಇಲ್ಲ. ಇನ್ನೊಂಚೂರು, ಇನ್ನೊಂಚೂರು ಎಂದು ಅರ್ಧ ಗಂಟೆ ಕಾದು ಒಳಗೆ ಬಂದರೆ, ಹಾಸಿಗೆಯ ಗಾಳಿಯೆಲ್ಲ ಇಳಿದು ತಾಯಿ ಬರಿ ಹಲಗೆಯ ಮೇಲೆ ಹಲ್ಲು ಕಚ್ಚಿಕೊಂಡು ಮಲಗಿದ್ದಳು. ಮತ್ತೆ ಆ ಸ್ವಿಚ್ಚಿಗೆ ಅವನು ಕೈ ಹಾಕಲಿಲ್ಲ.

ಬಳೆ ಸಿದ್ಧವಾಯಿತು, ಆದರೆ ಹಿತ್ತಲಲ್ಲಿ ರೇಡಿಯೊ ಇಟ್ಟ ಶೆಡ್ಡಿನ ಬಳಿ ನಿಲ್ಲಿಸಿದರೆ ತಾಯಿಯ ಕೋಣೆ, ಹಡಗಿನಣ್ಣನ ದಿಕ್ಕು ಎರಡೂ ಒಂದೇ ಸಾಲಿಗೆ ಬರುತ್ತಿದ್ದವು. ಕೋಣೆಗೆ ಕಿವುಡಾದರೆ ಹಡಗಿನಣ್ಣನಿಗೂ ಕಿವುಡು. ಎರಡೂ ಬೇರೆ ಬೇರೆ ದಿಕ್ಕಾಗುವ ಜಾಗ ಇದ್ದದ್ದು ಒಂದೇ, ಹೆಂಡತಿ ಬಟ್ಟೆ ಒಣಹಾಕುವ ಮೂಲೆ. ಆ ಜಾಗ ಬಿಟ್ಟುಕೊಡು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಬಳೆ ಹಿಡಿದು ಹಿತ್ತಲಲ್ಲಿ ಸುತ್ತುವುದನ್ನು ಅವಳೇ ಎರಡು ದಿನ ನೋಡಿ, ಮೂರನೆಯ ದಿನ ಹಗ್ಗ ಬಿಚ್ಚಿ ಸುತ್ತಿ ಅವನ ಕೈಗಿಟ್ಟಳು.

ಕೊನೆಗೆ ಒಂದೇ ದಿನ ಉಳಿದಿತ್ತು. ಮಾವ ಬಳೆಯನ್ನು ಬೆರಳಗಲ ಬೆರಳಗಲ ತಿರುಗಿಸಿದ. ಗೊರಗೊರ ಇಳಿಯಿತು, ಇಳಿದು ಇಲ್ಲವೆನ್ನುವಷ್ಟಾಯಿತು. ಅದರಡಿಯಲ್ಲಿ ಸಣ್ಣಗೆ ಹಡಗಿನಣ್ಣ ಕರೆಯುತ್ತಿದ್ದ. ಮಾವ ಕುಟ್ಟಿ ಕಳಿಸಿದ: ಕೇಳಿಸಿತು. ಆಚೆಯಿಂದ ನಿಧಾನವಾಗಿ ಉತ್ತರ ಬಂತು: ನಾಳೆಯಿಂದ ಕಳಿಸಲಾರೆ, ಕೇಳುವ ರೇಡಿಯೊ ಮಾತ್ರ ಇರುತ್ತದೆ, ನೀನು ಕರೆಯುತ್ತಿರು.

ಮಾವ ಈಗಲೂ ದಿನಾ ಬೆಳಗಾಗುವಾಗ ರೇಡಿಯೊ ಮುಂದೆ ಕೂತು ಹಡಗಿನಣ್ಣನಿಗೆ ಕಳಿಸುತ್ತಾನೆ. ಉತ್ತರ ಬಾರದ ಮೇಲೆ ಯಾಕೆ ಕುಟ್ಟುತ್ತೀರಿ ಎಂದು ಹೆಂಡತಿ ಒಮ್ಮೆ ಕೇಳಿದಳು.

"ಎಂಟು ತಿಂಗಳು ಅವನೂ ಹೀಗೇ ಕುಟ್ಟಿದ್ನಲ್ಲ," ಎಂದ ಮಾವ.