ಬೆಚ್ಚಗಿದ್ದ ಬಾನೆಟ್

ಈ ದಿನ ಬೆಳಿಗ್ಗೆ ಒಗೆಯುವ ಬಟ್ಟೆಗಳ ನಡುವೆ ಒಂದು ಹಳೆಯ ಟವೆಲ್ ಸಿಕ್ಕಿತು. ನಮ್ಮ ಮನೆಯದಲ್ಲ. ಮೂಗಿನ ಹತ್ತಿರ ಹಿಡಿಯುವುದೂ ಬೇಕಾಗಲಿಲ್ಲ, ಬುಟ್ಟಿಯಿಂದ ಎತ್ತುತ್ತಿದ್ದಂತೆ ಡೀಸೆಲ್ ವಾಸನೆ ಹೊಡೆಯಿತು. ಕೆಲವು ದಿನಗಳ ಹಿಂದೆ ಬಂದಿದ್ದ ನನ್ನ ತಂಗಿ ಸರಸು ಬಿಟ್ಟುಹೋದದ್ದು. ಈ ವಾಸನೆಗೆ ಕೆಲವರಿಗೆ ತಲೆನೋವು ಬರುತ್ತದೆ, ಕೆಲವರಿಗೆ ವಾಕರಿಕೆ. ನನಗೆ ಹೊಟ್ಟೆಕಿಚ್ಚು ಬರುತ್ತದೆ. ನಗಬೇಡಿ. ಚಿಕ್ಕಂದಿನಿಂದ ಇರುವ ಕಾಯಿಲೆ, ಯಾವ ಡಾಕ್ಟರೂ ಇದಕ್ಕೆ ಮಾತ್ರೆ ಬರೆದುಕೊಟ್ಟಿಲ್ಲ.

ನಮ್ಮ ಅಪ್ಪ ನಂಗಲಿಯಲ್ಲಿ ಲಾರಿ ಮೇಸ್ತ್ರಿಯಾಗಿದ್ದವರು. ಆಂಧ್ರದ ಕಡೆ ಹೋಗುವ, ಆ ಕಡೆಯಿಂದ ಬರುವ ಲಾರಿಗಳೆಲ್ಲ ಹೆದ್ದಾರಿ ಪಕ್ಕದ ಅವರ ತಗಡಿನ ಶೆಡ್ಡಿನ ಮುಂದೆ ಒಮ್ಮೆಯಾದರೂ ಕೆಮ್ಮಿ ನಿಂತವೇ. ಗಡಿಯ ಊರಾದ್ದರಿಂದ ನಮ್ಮ ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಅಪ್ಪನನ್ನು ನಾವು ಕರೆಯುವುದೇ ನಾಯ್ನ ಎಂದು. ನಾಯ್ನ ಹೆಚ್ಚು ಮಾತಿನ ಮನುಷ್ಯರಲ್ಲ. ಬಾಯಿಯ ಮೂಲೆಯಲ್ಲಿ ಹಚ್ಚದ ಬೀಡಿಯೊಂದು ಸದಾ ಇರುತ್ತಿತ್ತು. ಡೀಸೆಲ್ ಹತ್ತಿರ ಬೆಂಕಿ ಬೇಡವೆಂದು ಹಚ್ಚುತ್ತಿರಲಿಲ್ಲ, ಚಟ ಬಿಡಲಾರದೆ ಉಗುಳುತ್ತಲೂ ಇರಲಿಲ್ಲ.

ಲಾರಿ ಎಂಜಿನ್ನಿಗೆ ಆರು ಸಿಲಿಂಡರು. ಆರರಲ್ಲಿ ಒಂದು ಕೆಲಸ ಕದ್ದರೂ ಗಾಡಿ ಕುಂಟುತ್ತದೆ. ಮೇಸ್ತ್ರಿಗಳ ಬಾಯಲ್ಲಿ ಅದಕ್ಕೆ ಮಿಸ್ಸಿಂಗ್ ಎಂದು ಹೆಸರು. ಕಳ್ಳ ಯಾವುದೆಂದು ಹಿಡಿಯಲು ನಾಯ್ನ ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಸಿಲಿಂಡರಿಗೆ ಡೀಸೆಲ್ ಹೋಗುವ ಪೈಪಿನ ನಟ್ಟನ್ನು ಚೂರು ಸಡಿಲಿಸಿ ಮತ್ತೆ ಬಿಗಿ ಮಾಡುತ್ತಿದ್ದರು. ನಿಯತ್ತಿನ ಸಿಲಿಂಡರಾದರೆ ಸಡಿಲಿಸಿದ ಕೂಡಲೇ ಎಂಜಿನ್ನಿನ ದನಿ ಇಳಿಯುತ್ತದೆ. ಕಳ್ಳ ಸಿಲಿಂಡರಾದರೆ ಏನೂ ಬದಲಾಗುವುದಿಲ್ಲ. ಅದು ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.

ಭಾನುವಾರಗಳಲ್ಲಿ ಅಮ್ಮ ಕೊಟ್ಟ ಊಟದ ಕ್ಯಾರಿಯರ್ ಹಿಡಿದುಕೊಂಡು ನಾನೂ ಸರಸುವೂ ಶೆಡ್ಡಿಗೆ ಹೋಗುತ್ತಿದ್ದೆವು. ನನಗೆ ಹನ್ನೊಂದು, ಅವಳಿಗೆ ಎಂಟು. ನಾಯ್ನ ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಆರೂ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ ಬಿಗಿದು ಕೇಳುತ್ತಿದ್ದರು: “ಎನ್ನೋದಿ? ಎಷ್ಟನೇದು, ಹೇಳ್ರಮ್ಮಾ?”

ನಾನು ಕಣ್ಣು ಮುಚ್ಚಿಕೊಂಡು, ಉಸಿರು ಬಿಗಿ ಹಿಡಿದು, ಕೈ ಮುಗಿಯುವುದೊಂದು ಬಾಕಿ ಎನ್ನುವಷ್ಟು ಭಕ್ತಿಯಿಂದ ಕೇಳಿರುತ್ತಿದ್ದೆ. ನನಗೆ ಕೇಳಿಸುತ್ತಿದ್ದದ್ದು ಒಂದೇ ಶಬ್ದ, ಲಾರಿ ಶಬ್ದ. “ಎರಡು” ಎನ್ನುತ್ತಿದ್ದೆ, ಅಂದಾಜಿನ ಮೇಲೆ. ಸರಸು ಲಂಗ ತಿರುವುತ್ತಾ “ನಾಲ್ಕು ನಾಯ್ನಾ” ಎನ್ನುತ್ತಿದ್ದಳು. ಅದು ನಾಲ್ಕೇ ಆಗಿರುತ್ತಿತ್ತು. ನಾಯ್ನ ಅವಳ ತಲೆ ಮೇಲೆ ಎಣ್ಣೆ ಕೈ ಇಟ್ಟು, ಡ್ರೈವರುಗಳ ಕಡೆ ತಿರುಗಿ, “ನನ್ ಕಿವಿ ಇದಕ್ಕೆ ಬಂದೈತೆ ನೋಡಪ್ಪ” ಎನ್ನುತ್ತಿದ್ದರು. ಆಮೇಲೆ ನನ್ನ ಕಡೆ ನೋಡಿ, ಪಾಪ, ಏನಾದರೂ ಹೇಳಬೇಕಲ್ಲ ಎಂದು, “ನೀನು ಚೆನ್ನಾಗಿ ಓದಮ್ಮಾ” ಎನ್ನುತ್ತಿದ್ದರು. ಮನೆಗೆ ಬಂದು ಸರಸು ಗೊಣಗುತ್ತಾ ತಲೆ ತೊಳೆದುಕೊಳ್ಳುವಾಗ, ಆ ಎಣ್ಣೆ ನನ್ನ ತಲೆಗೆ ಯಾಕೆ ಅಂಟಲಿಲ್ಲ ಎಂದು ನಾನು ಬಚ್ಚಲ ಬಾಗಿಲಲ್ಲಿ ನಿಂತು ಕುದಿಯುತ್ತಿದ್ದೆ.

ಹೇಳಿದ ಮಾತಿನಂತೆ ನಾನು ಚೆನ್ನಾಗಿ ಓದಿದೆ. ಈಗ ಕೋಲಾರದಲ್ಲಿ ಮನೆ, ವೇಮಗಲ್ ಹತ್ತಿರದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್ ಕೆಲಸ. ಶಬ್ದ ಹೇಗೆ ಹುಟ್ಟುತ್ತದೆ, ಹೇಗೆ ಹರಡುತ್ತದೆ, ಕಿವಿಯೊಳಗೆ ಎಷ್ಟು ಮೂಳೆಗಳಿವೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುತ್ತೇನೆ. ಸರಸು ಹತ್ತನೇ ತರಗತಿಗೆ ಓದು ನಿಲ್ಲಿಸಿ, ಅಲ್ಲೇ ನಂಗಲಿ ಪಕ್ಕದ ಟೊಮೇಟೊ ಬೆಳೆಯುವ ಮನೆಗೆ ಸೊಸೆಯಾದಳು. ಅವರ ಟ್ರ್ಯಾಕ್ಟರು, ಪಂಪು, ಮಾರ್ಕೆಟ್ಟಿಗೆ ಬಾಕ್ಸು ಸಾಗಿಸುವ ಗಾಡಿ ಎಲ್ಲಕ್ಕೂ ಅವಳೇ ಡಾಕ್ಟರು. ಅಮ್ಮ ಹೋದ ಮೇಲೆ ನಾಯ್ನ ಅವಳ ಜೊತೆಯಲ್ಲೇ ಇದ್ದರು. “ಅಕ್ಕನ ಮನೇಲೂ ನಾಲ್ಕು ದಿನ ಇರು” ಎಂದು ಅವಳು ಹೇಳಿದಾಗಲೆಲ್ಲ ಅವರು, “ಅಲ್ಲಿ ನಂಗೇನಮ್ಮ ಕೆಲಸ?” ಎನ್ನುತ್ತಿದ್ದರಂತೆ. ಅದನ್ನು ಅವಳು ನನಗೆ ಫೋನಿನಲ್ಲಿ ನಗುತ್ತಾ ಹೇಳುತ್ತಿದ್ದಳು. ನಾನೂ ನಗುತ್ತಿದ್ದೆ. ಫೋನ್ ಇಟ್ಟ ಮೇಲೆ ಪಾತ್ರೆಗಳು ಸ್ವಲ್ಪ ಜೋರಾಗಿ ಸದ್ದು ಮಾಡುತ್ತಿದ್ದವು.

ಈಗ ಕಾರಿನ ವಿಷಯಕ್ಕೆ ಬರುತ್ತೇನೆ. ಬಸ್ಸಿನಲ್ಲಿ ನೇತಾಡಿ ಸಾಕಾಗಿ ಒಂದು ಹಳೆಯ ಡೀಸೆಲ್ ಕಾರು ಕೊಳ್ಳೋಣ ಎಂದುಕೊಂಡೆ. ಹಳೆ ಗಾಡಿ ಕೊಳ್ಳುವವರು ನಮ್ಮ ಕಡೆ ಒಬ್ಬರೇ ಹೋಗುವುದಿಲ್ಲ. ಗಾಡಿ ಬಗ್ಗೆ ಗೊತ್ತಿದ್ದವರೊಬ್ಬರನ್ನು ಕರೆದುಕೊಂಡೇ ಹೋಗುತ್ತಾರೆ. ಯಾರನ್ನು ಕರೆಯಬೇಕೆಂದು ನಮ್ಮ ಮನೆಯವರಿಗೂ ಗೊತ್ತಿತ್ತು. “ಸರಸೂನ ಕರ್ಕೊಂಡು ಹೋಗು” ಎಂದರು. “ಯಾಕೆ, ನಾನೂ ಮೇಸ್ತ್ರಿ ಮಗಳಲ್ವಾ?” ಎಂದೆ. ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಮಾಲೂರಿನಲ್ಲಿ ಒಬ್ಬರ ಮನೆ ಮುಂದೆ ಕಾರು ನಿಂತಿತ್ತು. ಬಿಳಿ ಬಣ್ಣ, ಗೀರು ಕೂಡ ಇಲ್ಲ. ನಾಯ್ನ ನಮಗೆ ಅಕ್ಷರಾಭ್ಯಾಸಕ್ಕಿಂತ ಮೊದಲು ಕಲಿಸಿದ ಪಾಠ ಒಂದಿತ್ತು: “ಗಾಡಿ ನೋಡೋಕೆ ಹೋದ್ರೆ ಮೊದ್ಲು ಬಾನೆಟ್ ಮೇಲೆ ಕೈ ಇಡು. ತಣ್ಣಗಿದ್ರೆ ಮಾತಾಡು. ಬೆಚ್ಚಗಿದ್ರೆ ತಿರುಗಿ ಬಾ.” ಎಂಜಿನ್ನಿನ ಕಾಯಿಲೆಯೆಲ್ಲ ಕಾಣುವುದು ತಣ್ಣಗಿರುವಾಗ ಸ್ಟಾರ್ಟ್ ಮಾಡಿದಾಗ. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದಾನೆಂದರೆ ಏನನ್ನೋ ಮುಚ್ಚಿಡುತ್ತಿದ್ದಾನೆಂದೇ ಅರ್ಥ. ಕೈ ಇಟ್ಟೆ. ಬೆಚ್ಚಗಿತ್ತು. ಬಿಸಿಲಿಗಲ್ಲ, ಕಾರು ನಿಂತದ್ದು ಹುಣಸೆ ಮರದ ನೆರಳಿನಲ್ಲಿ.

ಅಷ್ಟರಲ್ಲಿ, ಯಾರಿಂದಲೋ ನನ್ನ ಊರು ತಿಳಿದಿದ್ದ ಆ ಮಾರುವ ಮನುಷ್ಯ ಕೇಳಿದ: “ನೀವು ನಂಗಲಿ ಮೇಸ್ತ್ರಿಗಳ ಮಗಳಾ ಮೇಡಂ? ಅವ್ರ ಮಗಳಿಗೆ ಕಿವೀಲೇ ಎಲ್ಲಾ ಗೊತ್ತಾಗ್ತದಂತಲ್ಲ, ಅದು ನೀವೇನಾ?”

ನೀವೇ ಹೇಳಿ, ನಾನು ಏನು ಹೇಳಬೇಕಿತ್ತು? “ಅಲ್ಲಪ್ಪ, ಅದು ನನ್ನ ತಂಗಿ” ಎಂದರೆ ಮುಗಿಯುತ್ತಿತ್ತು. ನಾನು ಹೇಳಿದ್ದು, “ಹೂಂ.”

“ಹಂಗಾದ್ರೆ ನಿಮ್ ಮುಂದೆ ನಾನೇನ್ ಹೇಳ್ಲಿ ಮೇಡಂ? ನೀವೇ ಕೇಳ್ಕೊಳಿ” ಎಂದು ಅವನು ಎಂಜಿನ್ ಸ್ಟಾರ್ಟ್ ಮಾಡಿ, ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಕೈಗೆ ಕೊಟ್ಟ. ಅದರ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುವುದು ಮೇಸ್ತ್ರಿಗಳ ಪದ್ಧತಿ. ನಾನೂ ಒತ್ತಿಕೊಂಡೆ. ಹುಬ್ಬು ಗಂಟಿಕ್ಕಿದೆ. ಸಿಲಿಂಡರಿನಿಂದ ಸಿಲಿಂಡರಿಗೆ ಹೋಗಿ ತಲೆಯಾಡಿಸಿದೆ. ಕೇಳಿಸಿದ್ದು ಕಾರಿನ ಶಬ್ದ. ಲಾರಿಯದಲ್ಲ ಎನ್ನುವಷ್ಟು ಗೊತ್ತಾಯಿತು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂತಿಗಳ ಬಗ್ಗೆ “ನಾಝಲ್ ಎಲ್ಲ ಚೆನ್ನಾಗಿವೆ” ಎಂದು ತೀರ್ಪು ಕೊಟ್ಟು ಕಾರನ್ನು ಮನೆಗೆ ತಂದೆ. ದಾರಿಯುದ್ದಕ್ಕೂ ಅದು ಬೆಣ್ಣೆಯ ಹಾಗೆ ನಯವಾಗಿ ಓಡಿತು.

ಮರುದಿನ ಬೆಳಿಗ್ಗೆ ಅದು ಸುಲಭಕ್ಕೆ ಸ್ಟಾರ್ಟ್ ಆಗಲಿಲ್ಲ. ಆದಾಗ ಚಳಿ ಜ್ವರ ಬಂದವರಂತೆ ನಡುಗುತ್ತಾ ಬೀದಿ ತುಂಬ ಬಿಳಿ ಹೊಗೆ ಬಿಟ್ಟಿತು. ಹತ್ತು ನಿಮಿಷ ಕಳೆದರೆ ಏನೂ ಆಗಿಯೇ ಇಲ್ಲವೆಂಬಂತೆ ಇರುತ್ತಿತ್ತು. ಕೋಲಾರದ ಮೆಕ್ಯಾನಿಕ್ ಒಬ್ಬರು ಹೀಟರ್ ಪ್ಲಗ್ ಬದಲಿಸಿದರು, ಇನ್ನೊಬ್ಬರು ಫಿಲ್ಟರ್ ಬದಲಿಸಿದರು. ಹೊಗೆ ಹಾಗೇ ಇತ್ತು. ಮಾರ್ಗಶಿರದ ಚಳಿಯಲ್ಲಿ ಎದುರು ಮನೆಯ ಅಜ್ಜಿ ಕೆಮ್ಮುತ್ತಾ, “ಏನಮ್ಮ, ಸೊಳ್ಳೆಗೆ ಹೊಗೆ ಹಾಕ್ತಿದೀಯಾ?” ಎಂದು ಕೇಳಿದ ದಿನ ಸೋತು ತಂಗಿಗೆ ಫೋನ್ ಮಾಡಿದೆ.

ಸರಸು ಸಂಜೆಗೆ ಬಂದಳು, ಜೊತೆಗೆ ನಾಯ್ನನನ್ನೂ ಕರೆತಂದಳು. ಅವರಿಗೆ ಈಗ ಕಿವಿ ಪೂರ್ತಿ ಹೋಗಿದೆ. ಜೀವಮಾನವೆಲ್ಲ ಎಂಜಿನ್ ಕೇಳಿದ ಕಿವಿಗಳು, ಈಗ ಹತ್ತಿರ ಕೂತು ಕೂಗಿದರೂ ತಲುಪುವುದಿಲ್ಲ. ಮರುದಿನ ಬೆಳಿಗ್ಗೆ ಕಾರು ತಣ್ಣಗಿರುವಾಗಲೇ ಸರಸು ಬಾನೆಟ್ ಎತ್ತಿದಳು. “ತಗೊಳ್ಳೋವಾಗ ಬಾನೆಟ್ ಮುಟ್ಟಿ ನೋಡ್ಲಿಲ್ವೇನಕ್ಕ?” ಎಂದಳು.

“ನೋಡ್ದೆ. ತಣ್ಣಗೇ ಇತ್ತು.”

ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ತಾನೇ ಹೋಗಿ ಎಂಜಿನ್ ಸ್ಟಾರ್ಟ್ ಮಾಡಿದಳು. ಬೈದಿದ್ದರೇ ವಾಸಿಯಿತ್ತು.

ಈಗಿನ ಎಂಜಿನ್ನುಗಳಲ್ಲಿ ಪೈಪಿನ ನಟ್ಟು ಸಡಿಲಿಸುವ ಹಾಗಿಲ್ಲವಂತೆ, ಅಷ್ಟು ಒತ್ತಡದ ಡೀಸೆಲ್ ಕೈಯನ್ನೇ ಸೀಳುತ್ತದಂತೆ. ಅವಳು ನಾಝಲ್ಲುಗಳ ಮೇಲಿನ ವೈರುಗಳನ್ನು ಒಂದೊಂದಾಗಿ ತೆಗೆದು ಹಾಕಿದಳು. ನಾನು ಅಭ್ಯಾಸಬಲದಿಂದ ಕಣ್ಣು ಮುಚ್ಚಿದೆ. “ಮೂರನೇದು” ಎಂದಳು, ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತಾ. “ತೆಗೆದ್ರೂ ಒಂದೇ, ಬಿಟ್ರೂ ಒಂದೇ. ನಾಝಲ್ ಸೋರ್ತೈತೆ.”

ನನಗೆ ತಡೆಯಲಾಗಲಿಲ್ಲ. “ಎಂಟನೇ ವಯಸ್ಸಿಗೇ ಹೆಂಗೇ ಕೇಳಿಸ್ತಿತ್ತು ನಿಂಗೆ?” ಎಂದುಬಿಟ್ಟೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಸರಸು ಜಗಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ ಅಕ್ಕಾ, ಆವಾಗ ಎಲ್ಲೇ ಕೇಳಿಸ್ತಿತ್ತು? ನಾನು ನಾಯ್ನನ ಬೀಡಿ ನೋಡ್ತಿದ್ದೆ ಕಣೇ. ಕೆಟ್ಟಿರೋದ್ರ ಮೇಲೆ ಕೈ ಬಿದ್ದ ತಕ್ಷಣ ಬೀಡಿ ಬಾಯಲ್ಲಿ ಈ ಕಡೆಯಿಂದ ಆ ಕಡೆ ಹೋಗೋದು. ನಾನು ಆ ನಂಬರ್ ಹೇಳ್ತಿದ್ದೆ. ಬೀಡಿ ನೋಡ್ತಾ ನೋಡ್ತಾ ಆಮೇಲೆ ಯಾವಾಗ್ಲೋ ನಿಜವಾಗ್ಲೂ ಕೇಳ್ಸೋಕೆ ಶುರುವಾಯ್ತು. ನೀನು ಅಲ್ಲೇ ನಿಂತಿರ್ತಿದ್ದೆಯಲ್ಲ, ನೋಡಿರ್ಲಿಲ್ವಾ?”

ನೋಡಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ನಾಯ್ನ ಏನಂತೆ ಎನ್ನುವ ಹಾಗೆ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು. ನಾನೂ ನಗಬೇಕಿತ್ತು, ನಗು ಬರಲಿಲ್ಲ. ಅವಳಿಗೆ ನಿಜವಾಗಿಯೂ ಹುಟ್ಟಿನಿಂದ ಆ ಕಿವಿ ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅದು ದೇವರು ಕೊಟ್ಟದ್ದು, ನನಗೆ ಕೊಡಲಿಲ್ಲ, ಮುಗಿಯಿತು. ಅಪ್ಪನ ಮುಖ ನೋಡುವುದಕ್ಕೆ ಯಾವ ದೇವರ ವರವೂ ಬೇಕಿರಲಿಲ್ಲ. ಅದು ಎರಡೇ ಅಡಿ ದೂರದಲ್ಲಿತ್ತು. ಅವರ ಮೆಚ್ಚುಗೆಗೆ ನಾನು ಅಷ್ಟು ಹಾತೊರೆದೆ, ಅವರನ್ನೇ ನೋಡಲಿಲ್ಲ. ಆ ದಿನ ತಂಗಿಯ ಮೇಲೆ ಬಂದಷ್ಟು ಹೊಟ್ಟೆಕಿಚ್ಚು ಹಿಂದೆಂದೂ ಬಂದಿರಲಿಲ್ಲ.

ನಾಝಲ್ ಸರಿಮಾಡಲು ಎರಡು ದಿನ ಬೇಕೆಂದು ಗ್ಯಾರೇಜಿನವರು ಹೇಳಿದರು. ಟೊಮೇಟೊ ಕೀಳುವ ಕೆಲಸವಿದೆ ಎಂದು ಸರಸು ಹೊರಟಳು. ನಾಯ್ನನನ್ನು ಕಾರು ಸರಿಯಾದ ಮೇಲೆ ಅದರಲ್ಲೇ ಕರೆತಂದು ಬಿಡುತ್ತೇನೆಂದು ಹೇಳಿ ಉಳಿಸಿಕೊಂಡೆ. ಕಾರು ಸರಿಯಾಗಿ ಬಂತು. ಮರುದಿನ ಬೆಳಿಗ್ಗೆ ನಾನು ಕೀ ತಿರುಗಿಸಿದಾಗ ನಾಯ್ನ ಬಾನೆಟ್ ಮೇಲೆ ಅಂಗೈ ಇಟ್ಟು, ಗಾಜಿನಾಚೆಯಿಂದ ನನ್ನ ಮುಖವನ್ನೇ ನೋಡುತ್ತಾ ನಿಂತರು. ನನಗೆ ಗೊತ್ತಿಲ್ಲದೆಯೇ ಮುಖ ಅರಳಿರಬೇಕು. “ಸರಿಹೋಯ್ತು” ಎಂದು ಅವರೇ ಹೇಳಿದರು, ಕಿವುಡರು ಮಾತಾಡುವಷ್ಟು ಜೋರಾಗಿ. ಇಳಿದು ಬಂದು, ನಿಮಗೆ ಹೇಗೆ ಗೊತ್ತಾಯಿತು ಎಂದು ಸನ್ನೆ ಮಾಡಿದೆ. “ನೀನು ಸ್ಟಾರ್ಟ್ ಮಾಡೋದು, ನಾನು ನಿನ್ ಮುಖ ನೋಡೋದು. ಇನ್ನೇನ್ ಕಿವಿ ಬೇಕಮ್ಮಾ?” ಎಂದರು. ಅಂದಿನಿಂದ ನಾನು ಶಾಲೆಗೆ ಹೊರಡುವ ಹೊತ್ತಿಗೆ ಅವರು ಸ್ವೆಟರ್ ಹಾಕಿಕೊಂಡು ಕಾರಿನ ಮುಂದೆ ತಯಾರಾಗಿ ನಿಂತಿರುತ್ತಾರೆ. ನಂಗಲಿಗೆ ಹೋಗುವ ಮಾತನ್ನು ನಾನೂ ಎತ್ತಿಲ್ಲ, ಅವರೂ ಎತ್ತಿಲ್ಲ.

ಟವೆಲ್ಲನ್ನು ಸೋಪಿನ ನೀರಿಗೆ ಹಾಕಿ ಒಳಗೆ ಬಂದರೆ ಫೋನ್ ಹೊಡೆದುಕೊಳ್ಳುತ್ತಿತ್ತು. ಸರಸು.

“ಕಾರು ಹೆಂಗೈತೆ ಅಕ್ಕಾ?”

“ಚೆನ್ನಾಗೈತೆ.”

“ನಾಯ್ನಂಗೆ ಬೇಜಾರಾಗ್ತಿರ್ಬೇಕು ಅಲ್ಲಿ.”

“ಇಲ್ಲ ಕಣೇ. ದಿನಾ ಬೆಳಿಗ್ಗೆ ಇಬ್ಬರೂ ಗಾಡಿ ನೋಡ್ತೀವಿ.”

“ಓ, ಹಂಗಾ,” ಎಂದವಳ ದನಿ ಚೂರು ಇಳಿಯಿತು. ಆಮೇಲೆ, “ಒಳ್ಳೇದೇ ಆಯ್ತು ಬಿಡು. ಅಲ್ಲ, ಇಲ್ಲಿ ಟ್ರ್ಯಾಕ್ಟರ್ ಯಾಕೋ ಸ್ವಲ್ಪ ಹೊಗೆ ಬಿಡ್ತೈತೆ, ನಾಯ್ನ ಇದ್ದಿದ್ರೆ... ಯಾವಾಗ ಕಳಿಸ್ತೀಯಾ?”

ಅವಳ ಟ್ರ್ಯಾಕ್ಟರಿಗೆ ಏನೂ ಆಗಿರಲಿಲ್ಲ. ಆ ದನಿ ಎಲ್ಲಿ ಇಳಿಯಿತು, ಯಾಕೆ ಇಳಿಯಿತು ಎಂದು ನನಗೆ ಯಾರ ಮುಖವನ್ನೂ ನೋಡದೆ ತಿಳಿಯಿತು. ಚಿಕ್ಕಂದಿನಲ್ಲಿ ಬಚ್ಚಲ ಬಾಗಿಲಲ್ಲಿ ನಿಂತಾಗಿನಿಂದ ನನ್ನೊಳಗೆ ಓಡುತ್ತಿದ್ದ ಎಂಜಿನ್ನೇ ಅದು. ಬರೀ ಕಿವಿಯಿಂದ ಕೇಳಿ ನಾನು ಹಿಡಿದ ಮೊದಲ ಕಾಯಿಲೆ.

“ಭಾನುವಾರ ಕರ್ಕೊಂಡು ಬರ್ತೀನಿ ಕಣೇ” ಎಂದೆ. ಯಾವ ಭಾನುವಾರ ಎಂದು ಹೇಳಲಿಲ್ಲ.