ನಡುಮನೆಯ ಕುರಿಗಳು

ಮೊನ್ನೆ ನ್ಯಾಮತಿಯಿಂದ ಬರುವಾಗ ಮಳೆಯಲ್ಲಿ ನೆನೆದ ಕಂಬಳಿಯೊಂದು ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತಿತು. ಒಳಗೆ ಮನುಷ್ಯರೂ ಇದ್ದರೆನ್ನಿ, ಆದರೆ ಮೊದಲು ಸಿಕ್ಕಿದ್ದು ಉಣ್ಣೆಯ ವಾಸನೆ. ಅದು ನನ್ನನ್ನು ಟಿಕೇಟಿಲ್ಲದೆ ಎಂಬತ್ತರ ದಶಕದ ಜಗಳೂರಿಗೆ, ರುದ್ರತ್ತೆಯ ಮನೆಗೆ ಒಯ್ದು ಇಳಿಸಿತು.

ರುದ್ರತ್ತೆ ನನ್ನ ಅಪ್ಪನ ತಂಗಿ, ಹೊನ್ನಾಳಿಯ ಹೆಣ್ಣು. ಅವಳ ಮಾವ ನಿಂಗಪ್ಪಜ್ಜ ಜೀವಮಾನವಿಡೀ ಕುರಿ ಕಾಯ್ದವರು. ನಾನು ಅಲ್ಲಿದ್ದ ವರ್ಷ ಅವರ ಕೈ ನಡುಗತೊಡಗಿತ್ತು, ಕಾಲೆಳೆದು ನಡೆಯುತ್ತಿದ್ದರು. ಬೆಳಿಗ್ಗೆ ಚೆನ್ನಾಗಿ ಹರಟಿದವರೇ ಸಂಜೆಯಾದರೆ ನಡುಮನೆಯ ಮೂಲೆ ತೋರಿಸಿ, "ಒಳಗ್ಯಾಕೆ ಬಿಟ್ರಿ ಇವನ್ನ? ಜೋಳ ಮೇಯ್ತಾವೆ, ಹೊಡೀರಿ ಹೊರಗೆ!" ಎಂದು ಕೂಗುವರು. ಮೂಲೆಯಲ್ಲಿ ಜೋಳದ ಚೀಲವಿತ್ತು, ಕುರಿ ಇರಲಿಲ್ಲ. ಯಾವುದಕ್ಕೂ ಇರಲಿ ಎಂದು ನಾನೂ ಬಗ್ಗಿ ನೋಡಿದ್ದೆ.

ಮನೆಯವರಿಗೆ ಕಾರಣ ಹೊಳೆಯಿತು. ದೇವರಿಗೆ ಬಿಟ್ಟ ಟಗರನ್ನು ಅತ್ತೆಯ ಗಂಡ ಸಂತೆಯಲ್ಲಿ ಮಾರಿದ್ದರು. ಅದೇ ಬಂದು ಕಾಡುತ್ತಿದೆ! ಬೇವಿನ ಕೋಲಿನಿಂದ ಬಾರಿಸಿ ಕಾಟ ಬಿಡಿಸುವವನನ್ನು ಕರೆಸುವುದೆಂದಾಯಿತು.

ರುದ್ರತ್ತೆ ಬಾಗಿಲಿಗೆ ಅಡ್ಡ ನಿಂತಳು. "ಮುಟ್ಟಾಕೆ ಬಿಡಲ್ಲ. ಈ ಮೈಗೆ ಏಟು ಬಿದ್ರೆ ಉಳೀತಾರೇನ್ರಿ?"

"ನಿಮ್ಮವ್ವಂಗೂ ಅರಳುಮರಳು ಆಗಿತ್ತಲ್ಲ, ಕುರಿ ಕಂಡಿದ್ವಾ?" ಎಂದರು ಅವಳ ಗಂಡ.

"ನಮ್ಮವ್ವ ಉಂಡಿದ್ದನ್ನ ಮರೆತು ಮತ್ತೆ ತಟ್ಟೆ ಹಿಡ್ಕಂಡು ಬರೋಳು. ನನ್ನೇ ಯಾರ ಮಗಳಮ್ಮ ಅಂದ್ಳು. ಮಾವಾರಿಗೆ ನಿನ್ನೆ ಉಂಡಿದ್ದು ನೆನಪೈತೆ, ಇಲ್ಲದ್ದು ಕಾಣ್ತೈತೆ. ಅದು ಬೇರೆ, ಇದು ಬೇರೆ. ಟಗರು ಕಾಡೋದಾದ್ರೆ ಮಾರಿದ ನಿಮ್ಮನ್ನ ಕಾಡ್ಬೇಕಿತ್ತು!"

ಮರುದಿನವೇ ಮಾವನನ್ನು ದಾವಣಗೆರೆಗೆ ಹೊರಡಿಸಿದಳು, ಊರುಗೋಲಾಗಿ ನಾನು. ಡಾಕ್ಟರು ಅವಳು ಹೇಳಿದ್ದನ್ನೆಲ್ಲ ಕೇಳಿ, "ಮಿದುಳಿನ ಕಾಯಿಲೆ ಕಣಮ್ಮ. ವಾಸಿ ಆಗಲ್ಲ. ಹೊಡೆಯೋದು, ಹೆದರಿಸೋದು ಕೂಡದು" ಎಂದರು. ವಾಸಿಯಾಗದ ರೋಗದ ಸುದ್ದಿಯನ್ನು ಗೆದ್ದವಳ ಹಾಗೆ ಮನೆಗೆ ತಂದಳು ಅತ್ತೆ. ಕೋಲಿನವನು ಬರಲಿಲ್ಲ. ಸಂಜೆ ಅಜ್ಜ ಕೂಗಿದರೆ ಸೆರಗು ಬೀಸಿ, "ಹೊಡೆದೆ ಮಾವಾ, ಎಲ್ಲಾ ಹೋದ್ವು" ಎನ್ನುವಳು. ಅವರು ನಿರಾಳವಾಗಿ ಮಲಗುವರು.

ಈಗ ಬುದ್ಧಿ ಕುಂದುವ ಈ ಕಾಯಿಲೆಗಳಿಗೆಲ್ಲ ಬೇರೆ ಬೇರೆ ಹೆಸರುಗಳಿವೆ. ಅತ್ತೆಯ ಅವ್ವ, ಅಂದರೆ ನನ್ನ ಅಜ್ಜಿಯದು ನೆನಪನ್ನೇ ಮೊದಲು ತಿನ್ನುವ ಆಲ್ಜೈಮರ್ ಇದ್ದೀತು, ನಿಂಗಪ್ಪಜ್ಜನದು ಕೈ ನಡುಗಿಸಿ ಇಲ್ಲದ್ದನ್ನು ಕಾಣಿಸುವ ಲೂಯಿ ಬಾಡಿ ಎಂಬ ಬಗೆ ಇದ್ದೀತು. ಲಕ್ವ ಹೊಡೆದ ಮೇಲೆ ಮೆಟ್ಟಿಲಿಳಿದಂತೆ ಬುದ್ಧಿ ಇಳಿಯುವುದು ಮತ್ತೊಂದು. ನೆನಪು ನೆಟ್ಟಗಿದ್ದು ನಡತೆ ಮೊದಲು ಕೆಡುವುದೂ ಉಂಟು. ಯೋಚನೆ ಅಲ್ಲಿಗೆ ಬಂದಾಗ ನನಗೆ ಪಕ್ಕದ ಮನೆಯ ಶಾಂತಕ್ಕ ನೆನಪಾದಳು. ಸಭ್ಯನಾಗಿದ್ದ ಗಂಡ ಈಚೆಗೆ ಕಂಡವರ ಮುಂದೆಲ್ಲ ಕೆಟ್ಟ ಮಾತಾಡುತ್ತಾನೆಂದು ಅವಳು ಅತ್ತರೆ, ವಯಸ್ಸಿನ ಸಿಡುಕು ಬಿಡು ಎಂದು ನಾನು ಸಮಾಧಾನ ಹೇಳುತ್ತಿದ್ದೆ.

ಬಸ್ಸಿಳಿದು ನೇರ ಅವಳ ಮನೆಗೇ ಹೋದೆ.

"ಶಾಂತಕ್ಕ, ಕುತ್ಕ. ಮೊದ್ಲು ಏನು ಬದಲಾತು, ಯಾವಾಗಿಂದ, ಎಲ್ಲಾ ಹೇಳು. ನಾಳೆ ಡಾಕ್ಟರ ಮುಂದೆ ನೀನು ಮರೆತ್ರೆ ನಾನು ಹೇಳ್ತೀನಿ."